ಶಿಯರ್ ಪಿನ್ನು

ಹುಲಿಕಲ್ ಇಳಿದು ಮೂರನೇ ತಿರುವಿನಲ್ಲಿ
ಹೆಂಚಿನ ಲೋಡೊಂದು ಅಂಚಿಗೆ ನಿಂತಿದೆಯೆಂದು
ಹಾಲಿನ ವ್ಯಾನಿನವ ಬಂದು ಬಾಗಿಲು ಬಡಿದಾಗ
ರಾತ್ರಿ ಎರಡೂವರೆ. ಮಾಗಿ. ಕಾವಳ ಎಷ್ಟೆಂದರೆ
ಬಡಿದ ಕೈ ಕಂಡಿತು, ಆಳು ಕಾಣಲಿಲ್ಲ.

ಇದಿನಬ್ಬ ಎದ್ದರು. ಮಫ್ಲರು, ಅದರ ಮೇಲೊಂದು ಮಫ್ಲರು.
ಶೆಡ್ಡಿನಲ್ಲಿ ನಮ್ಮ ಶಕ್ತಿಮಾನು,
ಮಿಲಿಟರಿ ಹರಾಜಿನಲ್ಲಿ ಗುಜರಿಯ ತೂಕಕ್ಕೆ ಬಂದದ್ದು;
ಮೂರು ಸಲ ಬಳಿದ ನೀಲಿಯ ಅಡಿಯಲ್ಲಿ
ಹಳೇ ಹಸಿರು ಇನ್ನೂ ಡ್ಯೂಟಿಯಲ್ಲಿದೆ.

ಚಳಿಯಲ್ಲಿ ಅದನ್ನು ಸ್ಟಾರ್ಟ್ ಮಾಡುವುದಲ್ಲ, ರಮಿಸುವುದು.
ಎಣ್ಣೆಬಟ್ಟೆ ಸುತ್ತಿದ ಕೋಲಿಗೆ ಬೆಂಕಿ ಕೊಟ್ಟು
ಗಾಳಿ ಎಳೆಯುವ ಬಾಯಿಗೆ ಹಿಡಿದೆ ನಾನು,
ಒಳಗೆ ಕೂತು ಅವರು, ಬ್ಯಾರಿ ಮಾತಿನಲ್ಲಿ ಏನೋ.
ಬೈಗುಳವೋ ಪ್ರಾರ್ಥನೆಯೋ, ಹಿಂದೊಮ್ಮೆ ಕೇಳಿದ್ದೆ.
"ಗಾಡಿಗೆ ಗೊತ್ತು" ಅಂದಿದ್ದರು.

ಕೆಮ್ಮಿತು. ಮತ್ತೆ ಕೆಮ್ಮಿತು. ಹಿಡಿಯಿತು.

ಘಾಟಿಯಲ್ಲಿ ಲೈಟು ಹಾಕಿದರೆ ಬಿಳಿ ಗೋಡೆ,
ಆರಿಸಿದರೆ ಕರಿ ಗೋಡೆ.
ಚರಂಡಿಯ ಅಂಚಿಗೆ ಟಾರ್ಚು ಬಿಟ್ಟುಕೊಂಡು
ನಾನು ಮುಂದೆ ಮುಂದೆ ನಡೆದೆ,
ಬೆನ್ನಿಗೆ ಫಸ್ಟ್ ಗೇರಿನ ಬಿಸಿಯುಸಿರು.

ಲಾರಿ ಹತ್ತುತ್ತಾ ಹತ್ತುತ್ತಾ ಹಿಂದಕ್ಕೆ ಜಾರಿತ್ತು.
ಹಿಂದಿನ ಎಡಗಾಲಿಗಳ ಕೆಳಗೆ ನೆಲವಿಲ್ಲ,
ಹ್ಯಾಂಡ್‌ಬ್ರೇಕು ಹೆಸರಿಗೆ.
ಕ್ಯಾಬಿನ್ನಿನಲ್ಲಿ ಒಬ್ಬನೇ, ಗೋಳಿಯಂಗಡಿಯ ಹುಡುಗ ಉದಯ,
ಎರಡು ಗಂಟೆಯಿಂದ ಬ್ರೇಕಿನ ಮೇಲೆ ಒಂದೇ ಕಾಲು.
ಇಂಜಿನ್ ಆರಿಸಿದರೆ ಬ್ರೇಕಿನ ಗಾಳಿ ಇಳಿಯುತ್ತದೆ,
ಆರಿಸದಿದ್ದರೆ ಇಡೀ ಲೋಡು ನಡುಗುತ್ತದೆ.
"ಕಾಲ್ ತೆಗುಕೆ ಆತಿಲ್ಲೆ" ಅಂದ,
ನಮಗಲ್ಲ, ಸ್ಟಿಯರಿಂಗಿಗೆ.

ಧೂಪದ ಮರದ ಬುಡಕ್ಕೆ ಗೋಣಿ ಸುತ್ತಿ
ಗೋಣಿಯ ಮೇಲೆ ಚೈನು ಬಿಗಿದೆವು.
ಮರಕ್ಕೆ ಗಾಯವಾಗಬಾರದು,
ನಾಳೆಯೂ ಯಾರಾದರೂ ಜಾರುತ್ತಾರೆ.
ಆಮೇಲೆ ವಿಂಚಿನ ಹಗ್ಗ ಬಿಚ್ಚಿ
ಕೆಳಗಿನ ಕೊಕ್ಕೆಗೆ ಸಿಕ್ಕಿಸಿ ಬಂದೆ.
ಉಕ್ಕಿನ ಎಳೆಗಳ ಮೇಲೆ ಇಬ್ಬನಿ ಸಾಲಾಗಿ ಕೂತಿತ್ತು;
ಡ್ರಮ್ಮು ತಿರುಗಿದ್ದೇ ತಡ, ಅಷ್ಟೂ ಹನಿ ಒಮ್ಮೆಗೇ ಉದುರಿತು.

ಬಿಗಿದ ಹಗ್ಗವನ್ನು ದಾಟಬಾರದು.
ದ್ಯಾವಪ್ಪ ಒಮ್ಮೆ ದಾಟಿದ್ದ.
ಹಾಗಾಗಿ ಈಗ ಕ್ಲೀನರು ನಾನು.

ಒಂದು ಮೊಳ ಬಂತು. ಒಂದೂವರೆ.
ಟಕ್.
ಹುಡುಗ ಕೂಗಿಕೊಂಡ. ಹೋಯಿತೆಂದು ನಾನೂ ಕಣ್ಣು ಮುಚ್ಚಿದೆ.
"ಹಗ್ಗ ಅಲ್ಲ, ಪಿನ್ನು" ಅಂದರು ಇದಿನಬ್ಬ, ನೆಮ್ಮದಿಯಿಂದ,
ಮಗು ಸೀನಿತು ಅಂದ ಹಾಗೆ.

ಹನ್ನೆರಡು ರೂಪಾಯಿಯ ಮೆದು ಕಬ್ಬಿಣದ ತುಂಡು,
ಅದರ ಕೆಲಸ ಮುರಿಯುವುದು.
ಭಾರ ಮಿತಿ ಮೀರಿದರೆ ಹಗ್ಗಕ್ಕಿಂತ ಮೊದಲು
ತಾನು ಹೋಗಬೇಕು.
ನಶ್ಯದ ಡಬ್ಬಿಯ ತುಂಬ ಅವನ್ನೇ ಇಟ್ಟಿದ್ದಾರೆ,
ಯಾರ ಕೈಗೂ ಕೊಡುವುದಿಲ್ಲ.
ಪಿನ್ನು ಮುಗಿದಿದ್ದ ಆ ದಿನ
ಅದರ ತೂತಿಗೆ ಗಟ್ಟಿ ಬೋಲ್ಟು ತೂರಿಸಿದ್ದು ಯಾರೆಂದು
ನಾನು ಕೇಳಿಲ್ಲ.
ಆದರೆ ದ್ಯಾವಪ್ಪನ ಮನೆಗೆ ಪ್ರತಿ ಹುಣ್ಣಿಮೆಗೆ
ಅಕ್ಕಿಮೂಟೆ ಹೊತ್ತು ಹಾಕಿ ಬರುವವನು ನಾನೇ.

ಈ ಸಲ ಅವರ ಬೆರಳು ಚಳಿಗೆ ಮಡಚಲಿಲ್ಲ.
ಡಬ್ಬಿ ತೆರೆದು ತುಸು ಹೊತ್ತು ನಿಂತರು.
"ನೀನೇ ಹಾಕು."
ಬಾನೆಟ್ಟಿನಡಿ ಮಲಗಿ ಹಾಕಿದೆ. ಬೆಳಕು ಹಿಡಿದವರು ಅವರು,
ಬೆಳಕು ಅಲುಗಾಡುತ್ತಿತ್ತು.

ಕಾವಳ ಹಾಲಿನಿಂದ ಮಜ್ಜಿಗೆಗೆ ತೆಳುವಾಗುವಾಗ
ಲಾರಿಯ ಅಷ್ಟೂ ಗಾಲಿಗೆ ನೆಲ ಸಿಕ್ಕಿತು.
ಹೆಂಚು ಒಡೆದದ್ದು ಹದಿನೇಳೋ ಹದಿನೆಂಟೋ.

ಮಾಸ್ತಿಕಟ್ಟೆಯ ಚಹಾದಂಗಡಿ ಬೆಂಚಿನಲ್ಲಿ ಹುಡುಗ,
ಎರಡೂ ಕೈಯಲ್ಲಿ ಲೋಟ.
ಬಲಗಾಲು ಮಾತ್ರ ಇನ್ನೂ ಒತ್ತುತ್ತಲೇ ಇತ್ತು,
ಚಪ್ಪಲಿಯಡಿ ಮಣ್ಣು ಗುಳಿಬಿದ್ದಿತ್ತು.
ಇದಿನಬ್ಬ ಬಗ್ಗಿ ಅವನ ಮೊಣಕಾಲ ಮೇಲೆ ಕೈಯಿಟ್ಟರು.
"ಬಿಡು ಮಗಾ. ಹಿಡಿದಿದೆ."

ಬಿಡಲು ಅವನಿಗೆ ಇನ್ನೊಂದು ಚಹಾ ಬೇಕಾಯಿತು.
ನನ್ನ ಜೇಬಿನಲ್ಲಿ ಮುರಿದ ಪಿನ್ನಿನ ಎರಡು ತುಂಡು,
ಎಸೆಯಲು ಹೋದೆ. ಯಾಕೋ,
ಅವರು ನೋಡುತ್ತಿದ್ದರು.